ಟೇಲರಕ್ಕ ಹೇಳುತ್ತಿದ್ದ ಸುಳ್ಳು

ಟೇಲರಕ್ಕನ ಬಲಗೆನ್ನೆಯ ಮೇಲೆ ಸದಾ ಒಂದು ನೀಲಿ ಗೆರೆ ಇರುತ್ತಿತ್ತು. ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸು ಕೈಯಲ್ಲಿರುವಾಗಲೇ ಕೂದಲು ಹಿಂದೆ ಸರಿಸಿಕೊಳ್ಳುವ ಅಭ್ಯಾಸ ಆಕೆಗೆ. ಮದುವೆ ಮನೆಗೆ ಬಂದರೂ ಆ ಗೆರೆ ಪೂರ್ತಿ ಅಳಿಸಿರುತ್ತಿರಲಿಲ್ಲ. ಈಗಲೂ ಊಟವಾದ ಮೇಲೆ ಸ್ವಲ್ಪ ಕಣ್ಣು ಮುಚ್ಚಿದರೆ ಮೊದಲು ಆ ಗೆರೆ ಕಾಣುತ್ತದೆ, ಆಮೇಲೆ ಮುಖ.

ನ್ಯಾಮತಿಯಲ್ಲಿ ನಮ್ಮ ಮನೆಯ ಎದುರು ಸಾಲಿನಲ್ಲೇ ಆಕೆಯ ಅಂಗಡಿ. ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ. ಒಂದು ಮೆಷಿನ್ನು, ಒಂದು ಬೆಂಚು, ಬಣ್ಣಬಣ್ಣದ ಚೂರು ತುಂಬಿದ ಚೀಲ. ಮಧ್ಯಾಹ್ನದ ಬಿಸಿಲು ಬೆಂಚಿನವರೆಗೆ ಬಂದು ಮಲಗುತ್ತಿತ್ತು, ಅದರಲ್ಲಿ ನೂಲಿನ ಧೂಳು ತೇಲುತ್ತಿತ್ತು. ಮೆಷಿನ್ನಿನ ಸದ್ದು ಓಡಿ, ನಿಂತು, ಮತ್ತೆ ಓಡುವುದನ್ನು ಕೇಳುತ್ತ ನಮ್ಮವ್ವ ಅಲ್ಲೇ ಗೋಡೆಗೊರಗಿ ಒಂದು ನಿದ್ದೆ ತೆಗೆಯುತ್ತಿದ್ದಳು.

ನಮ್ಮ ಕಡೆ ಹೆಂಗಸರು ಟೇಪು ಹಿಡಿಸಿಕೊಳ್ಳುವುದು ಕಡಿಮೆ. ಸರಿಯಾಗಿ ಕೂರುವ ಹಳೆಯ ಬ್ಲೌಸನ್ನೇ ಅಳತೆಗೆ ಕೊಡುತ್ತೇವೆ. ಬ್ಲೌಸು ಐದು ವರ್ಷ ಹಳೆಯದು, ಮೈ ಮಾತ್ರ ಈ ವರ್ಷದ್ದು. ಹೊಸದು ಬಿಗಿಯಾಯಿತೋ, ಜಗಳ.

“ಏನ್ರೀ ಟೇಲರಕ್ಕ, ಕೈ ಏರಾದೇ ಇಲ್ಲಲ್ಲ. ನಾನೇನು ದಪ್ಪ ಆಗೀನಾ?”

“ನೀವೆಲ್ಲಿ ದಪ್ಪ? ಬಟ್ಟೆ ಕುಗ್ಗೈತೆ.”

“ಇನ್ನೂ ನೀರಿಗೇ ಹಾಕಿಲ್ಲ, ಹೆಂಗೆ ಕುಗ್ಗತೈತೆ?”

“ಹಂಗಾರೆ ನನ್ನ ಕತ್ತರಿ ತಪ್ಪು. ಕೊಡ್ರಿ ಇಲ್ಲಿ.”

ಬ್ಲೌಸಿನ ಪಕ್ಕಗಳಲ್ಲಿ ಆಕೆ ಯಾವಾಗಲೂ ಎರಡು ಬೆರಳು ಹೆಚ್ಚು ಬಟ್ಟೆ ಒಳಗೆ ಬಿಟ್ಟೇ ಹೊಲಿಯುತ್ತಿದ್ದಳು. ಒಂದು ಹೊಲಿಗೆ ಬಿಚ್ಚಿದರೆ ಮುಗಿಯಿತು, ಬಂದವಳು ನಗುತ್ತ ಹೋಗುವಳು. ಮಾಡದ ತಪ್ಪು ಯಾಕೆ ಹೊರುತ್ತೀರಿ ಎಂದು ಒಮ್ಮೆ ಕೇಳಿದೆ. “ಹೊಲಿಗೆ ಬಿಚ್ಚಾಕೆ ಎರಡು ನಿಮಿಷ, ತಂಗಿ. ಅವರ ಮನಸ್ಸು ಹರಿದ್ರೆ ಅದನ್ನ ಹೊಲಿಯಾಕೆ ನಂಗೆ ಬರಲ್ಲ” ಎಂದಳು.

ಅವ್ವನ ವಿಷಯದಲ್ಲಿ ಇದು ತಿರುಗುಮುರುಗಾಯಿತು. ಒಂದು ದೀಪಾವಳಿಯ ಹೊತ್ತಿಗೆ ಅವ್ವನ ಬ್ಲೌಸುಗಳು ಭುಜದಿಂದ ಜಾರತೊಡಗಿದವು. “ನಾನೇ ಸಡಿಲ ಹೊಲಿದಿದ್ದೆ, ಅಕ್ಕಾರೆ” ಎಂದು ಟೇಲರಕ್ಕ ಪಕ್ಕಗಳನ್ನು ಒಳಕ್ಕೆ ಹಿಡಿದು ಕೊಟ್ಟಳು. ಸಂಕ್ರಾಂತಿಗೆ ಮತ್ತೆ ಹಿಡಿದಳು. ಶಿವರಾತ್ರಿಗೆ ಮತ್ತೆ. ಅವ್ವನಿಗೆ ಆಸ್ಪತ್ರೆ ಎಂದರೆ ಭಯ, ಅವಳಿಗೂ ಅದೇ ಮಾತು ಬೇಕಿತ್ತು. ಸೊರಗಿದ್ದೀಯ, ತೋರಿಸೋಣ ಎಂದು ನಾನು ಹೇಳಿದರೆ, “ನಿನ್ನ ಕಣ್ಣಿಗಿಂತ ಆಕೆ ಕೈಗೆ ಗೊತ್ತಿರತೈತೆ, ಸುಮ್ನಿರು” ಎನ್ನುತ್ತಿದ್ದಳು. ನಾನೂ ಸುಮ್ಮನಾದೆ. ದಿನಾ ನೋಡುವ ಮುಖ ಸವೆಯುವುದು ಕಾಣುವುದಿಲ್ಲ.

ಯುಗಾದಿಗೆ ಒಂದು ವಾರವಿತ್ತು. ಹೊಲಿಗೆಯ ಕಾಲದಲ್ಲಿ ಅಂಗಡಿ ಬಿಟ್ಟು ಏಳದವಳು ಅಂದು ನಮ್ಮ ಮನೆಗೇ ಬಂದಳು. ಅವ್ವನ ಕಾಲ ಬಳಿ ನೆಲದ ಮೇಲೆ ಕೂತು, ಮತ್ತೆ ಹಿಡಿಯಲು ಕೊಟ್ಟಿದ್ದ ಬ್ಲೌಸನ್ನು ಒಳಮೈ ಹೊರಗಾಗಿ ತಿರುಗಿಸಿದಳು. ಎರಡೂ ಪಕ್ಕ ಒಂದರೊಳಗೊಂದು ನಾಲ್ಕು ಸಾಲು ಹೊಲಿಗೆ.

“ನನ್ನ ಕತ್ತರಿ ತಪ್ಪಿಲ್ಲ, ಅಕ್ಕಾರೆ. ನಾನು ಸುಳ್ಳು ಹೇಳಿದ್ದೆ. ನೀವು ಕರಗಾಕೆ ಹತ್ತೀರಿ. ಇನ್ನು ನನ್ನ ಕೈಲಿ ಹಿಡಿಯಾಕೆ ಆಗಲ್ಲ.”

ಅವ್ವ ಆ ಸಾಲುಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿದಳು. “ಇಷ್ಟು ದಿನ ಹೇಳಿದ್ದನ್ನೇ ಇವತ್ತೂ ಹೇಳಿದ್ರೆ ಏನಾಗತಿತ್ತು, ತಾಯಿ?” ಎಂದಳು. ಬೈದಂತಲ್ಲ, ಒಳ್ಳೆಯ ನಿದ್ದೆಯಿಂದ ಎಬ್ಬಿಸಿದವರನ್ನು ಕೇಳುವಂತೆ.

ದಾವಣಗೆರೆಯ ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆ ಎಂದರು. ಅವ್ವ ಯಾರಿಗೂ ತೋರಿಸದೆ ಇಟ್ಟುಕೊಂಡಿದ್ದ ಕಾಲಿನ ಗಾಯ ಕಪ್ಪಾಗಿತ್ತು. ಎಡಗಾಲಿನ ಎರಡು ಬೆರಳು ತೆಗೆದರು. ಇನ್ನೊಂದು ವಾರ ತಡವಾಗಿದ್ದರೆ ಜೀವವೇ ಹೋಗುತ್ತಿತ್ತು ಎಂದರು ಡಾಕ್ಟರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ಎರಡು ತಿಂಗಳು ಮೊದಲೇ ಬಂದಿದ್ದರೆ ಬೆರಳೂ ಉಳಿಯುತ್ತಿದ್ದವು ಎಂದರು.

ಟೇಲರಕ್ಕ ಬದಲಾದಳು, ಅರ್ಧ ಮಾತ್ರ. ಬಿಗಿ ಎಂದು ಬಂದವರಿಗೆ ಬಟ್ಟೆ ಕುಗ್ಗಿದ ಕಥೆಯನ್ನೇ ಹೇಳುತ್ತಿದ್ದಳು. ಸಡಿಲ ಎಂದು ಬಂದವರಿಗೆ ಮಾತ್ರ, “ಮೊದ್ಲು ರಕ್ತ ತೋರಿಸ್ಕಂಡು ಬರ್ರಿ, ಆಮೇಲೆ ಹಿಡೀತೀನಿ.” ಬ್ಲೌಸಿಗೆ ಬಂದೀವೋ ದವಾಖಾನಿಗೆ ಬಂದೀವೋ ಎಂದು ಅವರು ಹಂಗಿಸಿದರೆ ಆಕೆ ನಗುತ್ತಿರಲಿಲ್ಲ.

ಅವ್ವ ಕುಂಟುತ್ತ ಬಂದು ಕೂತಾಗಲೆಲ್ಲ ಮೆಷಿನ್ನು ನಿಲ್ಲುತ್ತಿತ್ತು. ಒಂದು ಮಧ್ಯಾಹ್ನ ಅವ್ವನಿಗೆ ಜೊಂಪು ಹತ್ತಿದ್ದಾಗ ಟೇಲರಕ್ಕ ಮೆಲ್ಲಗೆ ಕೇಳಿದಳು.

“ನಿಜ ಹೇಳು ತಂಗಿ. ನಾನು ಮೊದ್ಲೇ ಹೇಳಿದ್ರೆ ಬೆರಳು ಉಳೀತಿದ್ವಾ? ಡಾಕ್ಟ್ರು ಏನಂದ್ರು?”

“ಇಲ್ಲ ಅಂದ್ರು. ಮುಂಚೆ ಹೋಗಿದ್ರೂ ತೆಗೀಲೇಬೇಕಿತ್ತಂತೆ.”

ಊರ ಹೆಂಗಸರಿಗೆಲ್ಲ ಸುಳ್ಳು ಹೇಳಿ ಪಳಗಿದವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. “ಹೌದಾ” ಎಂದಷ್ಟೇ ಹೇಳಿ ತಲೆ ಬಗ್ಗಿಸಿದಳು. ಮೆಷಿನ್ನು ಓಡಿತು.

ರಸ್ತೆ ದಾಟುವಾಗ ಅವ್ವ ನನ್ನ ತೋಳು ಹಿಡಿದು, “ಡಾಕ್ಟ್ರು ಹಂಗಂದಿರಾಕಿಲ್ಲ ಬಿಡು” ಎಂದಳು. ಅವಳು ಮಲಗಿರಲಿಲ್ಲ. ನಾಲ್ಕು ಹೆಜ್ಜೆ ಹೋದ ಮೇಲೆ, “ನೀ ಹಂಗೆ ಹೇಳಿದ್ದು ಚಲೋ ಆತು” ಎಂದಳು.

ಹೋದ ವರ್ಷ ಟೇಲರಕ್ಕ ತೀರಿಕೊಂಡಳು. ನನ್ನ ಮಾತು ನಂಬಿದ್ದಳೋ, ನಂಬಿದಂತೆ ಇದ್ದು ನನ್ನನ್ನೇ ಸಮಾಧಾನ ಮಾಡಿದಳೋ, ತಿಳಿಯದು. ಆಕೆ ಹೇಳಿದ ಒಂದು ನಿಜದಿಂದ ನಮ್ಮವ್ವ ಇಂದಿಗೂ ಇದ್ದಾಳೆ. ಅದಕ್ಕೆ ಬದಲಾಗಿ ನನ್ನಿಂದ ಕೊಡಲು ಆದದ್ದು ಒಂದು ಸುಳ್ಳು.