ಗಣಪತಿಯ ಮುಂದೆ ಲ್ಯಾಪ್‌ಟಾಪ್

ಹಬ್ಬದ ಬೆಳಿಗ್ಗೆಯೇ ನನ್ನ ಫೋನು ಪಾಯಸದ ಪಾತ್ರೆಗೆ ಬಿದ್ದು ಸತ್ತಿತು. ಅಮೆರಿಕದ ಲಿಸ್ಲ್ ಊರಿನ ನಮ್ಮ ಮನೆಯ ಗಣಪತಿಗೆ ಮಂಗಳಾರತಿ ಆಗುವುದನ್ನು ವಿಡಿಯೋದಲ್ಲಿ ನೋಡದೆ ಮೈಸೂರಿನ ಅಜ್ಜಿ ರಾತ್ರಿಯೂಟ ಮುಟ್ಟುವುದಿಲ್ಲ. ತೋರಿಸುವ ಕೆಲಸ ಪ್ರತಿವರ್ಷ ನನ್ನದೇ. ಹಾಗಾಗಿ ಆಫೀಸಿನ ಲ್ಯಾಪ್‌ಟಾಪನ್ನೇ ಎತ್ತಿಕೊಂಡೆ.

ಅದರ ಕ್ಯಾಮೆರಾ ಇರುವುದು ಪರದೆಯ ಕಡೆಗೆ ಮಾತ್ರ. ಅಜ್ಜಿಗೆ ಗಣಪತಿ ಕಾಣಬೇಕೆಂದರೆ ಅವಳ ಮುಖವಿರುವ ಪರದೆಯನ್ನೇ ಅವನತ್ತ ತಿರುಗಿಸಬೇಕು. ತಿರುಗಿಸಿ ಹಿಡಿದು, ಹಿಂದೆ ನಿಂತೆ. ಅಜ್ಜಿ ಕಾಣದಿದ್ದರೇನು, ಅವಳ ದನಿ ನನಗೆ ಬಾಯಿಪಾಠ.

"ಕಡುಬು ಯಾಕೋ ಸೊರಗಿದೆ, ನಿಮ್ಮಮ್ಮ ಡಯಟ್ ಮಾಡಿಸ್ತಿದಾಳಾ?" ಎಂದು ಅವಳಂತೆಯೇ ಅಣಕಿಸಿದೆ. ಪೂಜೆಗೆ ಬಂದಿದ್ದ ಆಂಟಿಯರೆಲ್ಲ ನಕ್ಕರು.

"ನಾನೂ ಅದನ್ನೇ ಹೇಳೋಣ ಅಂತಿದ್ದೆ ಕಣೋ," ಎಂದಿತು ಲ್ಯಾಪ್‌ಟಾಪ್.

ಗಂಟೆ ಬಾರಿಸುತ್ತಿದ್ದ ಅಮ್ಮ ದುರುಗುಟ್ಟಿ ನೋಡಿದ್ದು ಮಾತ್ರ ನನ್ನನ್ನು.

ಆರತಿ ತಟ್ಟೆ ಎಲ್ಲರ ಮುಂದೆ ಹಾದು ಬಂದಾಗ, ಆಂಟಿಯೊಬ್ಬರು ಅಭ್ಯಾಸಬಲದಿಂದ ಪರದೆಗೂ ಹಿಡಿದರು. ಅಜ್ಜಿ ಅಲ್ಲಿಂದಲೇ ಕೈ ಚಾಚಿ ಕಣ್ಣಿಗೊತ್ತಿಕೊಂಡಳಂತೆ. ನಾನು ನೋಡಲಿಲ್ಲ, ಹಿಂದಿದ್ದೆನಲ್ಲ.

ತೋಳು ಸೋತಿತ್ತು. "ಅಜ್ಜಿ, ನಾಳೆನೇ ಹೊಸ ಫೋನ್ ತಗೋತೀನಿ," ಎಂದೆ.

"ಬೇಡಪ್ಪಾ. ಫೋನಾದ್ರೆ ಮಧ್ಯ ಮಧ್ಯ ನಿನ್ನ ಮೂತಿ ತೂರಿಸ್ತೀಯ. ಇವತ್ತು ಬರೀ ದೇವರನ್ನೇ ನೋಡಿದೆ. ಇಡು, ಊಟ ಆರೋಗ್ತಿದೆ."