ಕಪ್ಪು ಬಾನೆಟ್ಟಿನ ಮೇಲೆ ಮೂರು ಗೆರೆ

ಅಣ್ಣಿಗೇರಿಯಿಂದ ನವಲಗುಂದಕ್ಕೆ ಹೋಗುವ ರಸ್ತೆಯ ಬದಿಗೆ ನಮ್ಮದೊಂದು ತಗಡಿನ ಶೆಡ್ಡು ಇದೆ. ಕಾರು ತೊಳೆದು, ಬಣ್ಣದ ಮೇಲಿನ ಗೀರು ತೆಗೆದು, ಪಾಲಿಶ್ ಮಾಡಿ ಕೊಡುವುದು ನಮ್ಮ ಕೆಲಸ. ನಮ್ಮ ಎಂದರೆ ನನ್ನದು ಮತ್ತು ಅಣ್ಣನದು. ಈಗ ನಾನೊಬ್ಬನೇ. ಆದರೂ ಬಾಯಿಗೆ ‘ನಮ್ಮ’ ಎಂದೇ ಬರುತ್ತದೆ, ತಿದ್ದಿಕೊಳ್ಳಲು ಹೋಗಿಲ್ಲ.

ಈ ಕೆಲಸದಲ್ಲಿ ದೀಪವಿಲ್ಲದಿದ್ದರೆ ಕೈ ಕಟ್ಟಿದ ಹಾಗೆ. ಎರೆಹೊಲದ ಧೂಳು ಕಾರಿನ ಮೇಲೆ ಕೂರುತ್ತದೆ, ಜನ ಒಣ ಬಟ್ಟೆಯಲ್ಲಿ ಅದನ್ನು ತಿಕ್ಕುತ್ತಾರೆ, ಬಣ್ಣದ ಮೇಲೆ ಕೂದಲೆಳೆಯಂಥ ಗೀರು ಏಳುತ್ತವೆ. ಬಿಸಿಲಿನಲ್ಲಿ ಪಾಲಿಶ್ ಹಚ್ಚಿದರೆ ಒಣಗಿ ಹಿಡಿದುಕೊಳ್ಳುತ್ತದೆ. ಹಾಗಾಗಿ ನಾವು ನಡು ಮಧ್ಯಾಹ್ನವೇ ಶಟರ್ ಎಳೆದು, ಕತ್ತಲು ಮಾಡಿಕೊಂಡು, ದೀಪ ಹಚ್ಚಿ ಕೂರುತ್ತೇವೆ.

ಅಣ್ಣನದು ಹ್ಯಾಲೋಜನ್ ಪಕ್ಷ. ಸ್ಟ್ಯಾಂಡಿನ ಮೇಲೆ ಎರಡು ಹಳದಿ ದೀಪ. ಬೇಸಿಗೆಯಲ್ಲಿ ಅವನ್ನು ಹಚ್ಚಿದರೆ ಕಾರಿಗಿಂತ ಮೊದಲು ನಾವೇ ಬೇಯುತ್ತಿದ್ದೆವು. ನೀರಿನ ಹನಿ ಸಿಡಿದರೆ ಬಲ್ಬು ಪಟ್ಟೆಂದು ಒಡೆಯುತ್ತಿತ್ತು. ಆದರೆ ಅವುಗಳ ಬೆಳಕಿನಲ್ಲಿ ಕುಂಕುಮ ಬಣ್ಣದ ಗಾಡಿ ಕುಂಕುಮವಾಗಿಯೇ ಕಾಣುತ್ತಿತ್ತು, ಅದು ಮಾತ್ರ ನಿಜ. ನಾನು ಎಲ್‌ಇಡಿ ಬೇಕೆಂದು ಹಟ ಹಿಡಿದಿದ್ದೆ. ಅದು ಕಾಯುವುದಿಲ್ಲ, ಬ್ಯಾಟರಿಯಲ್ಲಿ ನಡೆಯುತ್ತದೆ, ಓರೆಯಾಗಿ ಹಿಡಿದರೆ ಸಣ್ಣ ಗೀರನ್ನೂ ಬಿಡುವುದಿಲ್ಲ.

“ಲೇ, ನಿನ್ನ ಎಲ್‌ಇಡಿ ಬರೇ ಹುಳುಕು ತೋರಸ್ತೈತಿ. ಹುಳುಕ ನೋಡಕೋಂತ ಕುಂತ್ರ ಯಾ ಗಾಡಿನೂ ಚಲೋ ಕಾಣಂಗಿಲ್ಲ” ಎಂದ ಅಣ್ಣ.

“ನಿನಗ ಕಣ್ಣ ಕಾಣಂಗಿಲ್ಲ, ಅದಕ್ಕ ಹಂಗಂತಿ” ಎಂದೆ. ನನ್ನ ಬಾಯಿ ಮೊದಲಿನಿಂದಲೂ ಹಾಗೇ, ಒಲೆಯ ಮೇಲಿನ ಹಾಲು. ಅಣ್ಣನ ಕಣ್ಣು ನಿಜಕ್ಕೂ ಮಂಜಾಗುತ್ತಿತ್ತು, ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಅವನು ಪಾಲಿಶ್ ಮಷಿನಿನ ಪ್ಯಾಡು ತೊಳೆಯತೊಡಗಿದ. ಅದಾಗಿ ಒಂಬತ್ತು ದಿನಕ್ಕೆ, ಬೆಳಗಿನ ಚಹಾ ಕುಡಿದವನು ಎದೆ ಹಿಡಿದುಕೊಂಡು ಕುಸಿದ. ಹುಬ್ಬಳ್ಳಿ ಮುಟ್ಟುವವರೆಗೂ ಅವನು ಉಳಿಯಲಿಲ್ಲ.

ತಿಂಗಳೊಪ್ಪತ್ತಿನಲ್ಲಿ ನಾನು ಹುಬ್ಬಳ್ಳಿಗೆ ಹೋಗಿ ಎಲ್‌ಇಡಿ ತಂದೆ. ಎದುರು ವಾದಿಸುವವರು ಯಾರೂ ಇರಲಿಲ್ಲ. ಅಗ್ಗದ್ದು ಬಣ್ಣವನ್ನೆಲ್ಲ ನೀಲಿಗೆ ತಿರುಗಿಸುತ್ತಿತ್ತು. ಅದನ್ನು ಬಿಟ್ಟು, ಬಿಸಿಲಿಗೆ ಹತ್ತಿರದ ಬೆಳಕು ಕೊಡುವ ಒಳ್ಳೆಯದನ್ನೇ ಆರಿಸಿದೆ. ಅಂಗಡಿಯಿಂದ ಹೊರಗೆ ಬಂದಾಗ ಗೆದ್ದೆ ಅನಿಸಿತು. ಹಾಗೆ ಅನಿಸಿದ್ದಕ್ಕೆ ಇಂದಿಗೂ ನನಗೆ ನನ್ನ ಮೇಲೆ ಹೇಸಿಗೆ.

ಮರುವಾರ ಶಲವಡಿಯ ಕಪ್ಪು ಕಾರೊಂದು ಎರಡನೇ ಸಲದ ಪಾಲಿಶ್‌ಗೆ ಬಂತು. ಶಟರ್ ಎಳೆದು ಹೊಸ ದೀಪವನ್ನು ಬಾನೆಟ್ಟಿಗೆ ಓರೆಯಾಗಿ ಹಿಡಿದೆ. ನಟ್ಟನಡುವೆ ಮೂರು ಗೆರೆ, ಅಡ್ಡಡ್ಡ. ನಡುವಿನದು ಎರಡು ಬದಿಯವಕ್ಕಿಂತ ಮೋಟು.

ನನಗೆ ಭಯವಾಯಿತು, ಮುಚ್ಚಿಡುವುದೇನು. ಅಣ್ಣನ ನಡುಬೆರಳಿನ ತುದಿ ಕಾಳು ಒಕ್ಕುವ ರಾಶಿ ಯಂತ್ರದ ಪಟ್ಟಿಗೆ ಸಿಕ್ಕು ಎಂದೋ ಹೋಗಿತ್ತು. ಕೆಲಸ ಮುಗಿದ ಪ್ರತಿ ಗಾಡಿಗೂ, ಕೀಲಿ ಕೊಡುವ ಮೊದಲು, ಅವನು ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು ಮೂರು ಬೆರಳಿನಲ್ಲಿ ಬಾನೆಟ್ಟಿಗೆ ಎಳೆಯುತ್ತಿದ್ದ. ಹಣೆಗೆ ಹಚ್ಚಿಕೊಳ್ಳುವಂತೆಯೇ, ಒತ್ತಿ. “ಅದು ಬೂದಿ, ಅದರಾಗ ಹರಳ ಇರ್ತಾವು, ದಿನಗಟ್ಟಲೆ ತಿಕ್ಕಿದ್ದು ಹಾಳಾಕ್ಕೈತಿ” ಎಂದು ನಾನು ಕೂಗಾಡಿದ್ದಿದೆ. ಅವನು ನಗುತ್ತಿದ್ದ. ಹ್ಯಾಲೋಜನ್ ಬೆಳಕಿನಲ್ಲಿ ಆ ಗೀರು ನಮ್ಮಿಬ್ಬರಿಗೂ ಎಂದೂ ಕಂಡಿರಲಿಲ್ಲ.

ಹಳೆಯ ಹಳದಿ ದೀಪ ಹಚ್ಚಿದೆ. ಬಾನೆಟ್ಟು ನುಣ್ಣಗೆ ಹೊಳೆಯಿತು. ಮತ್ತೆ ಎಲ್‌ಇಡಿ ಹಿಡಿದೆ. ಮೂರು ಗೆರೆ. ಹೀಗೆ ಎಷ್ಟು ಸಲ ಮಾಡಿದೆನೋ. ಕೊನೆಗೆ ಮಷಿನು ಹಿಡಿದು ಅಳಿಸಿದೆ. ಗಿರಾಕಿ ಗೀರು ತೆಗೆಯಿರಿ ಎಂದೇ ಗಾಡಿ ತಂದಿದ್ದ, ಇದೊಂದು ಗೀರು ಬಿಡುತ್ತೇನೆ ಎನ್ನಲು ನನ್ನ ಬಳಿ ಯಾವ ಕಾರಣವಿತ್ತು?

ಮುಂದೆ ಒಂದೊಂದಾಗಿ ಬಂದವು. ಯಮನೂರಿನ ಕಡೆಯದೊಂದು, ಅಣ್ಣಿಗೇರಿಯವೇ ಮೂರು, ಕುಂದಗೋಳದಿಂದ ಒಂದು. ಎಲ್ಲ ಕಪ್ಪು. ಬಿಳಿ ಗಾಡಿಗಳಲ್ಲೂ ಇದ್ದಿರಬೇಕು, ಬಿಳಿಯ ಮೇಲೆ ಕಾಣುವುದಿಲ್ಲ. ಪ್ರತಿ ಸಲವೂ ಒಬ್ಬನೇ ನೋಡಿದೆ, ಒಬ್ಬನೇ ಅಳಿಸಿದೆ. ಬಾಜು ಖೋಲಿಯಲ್ಲಿ ಅಣ್ಣನ ಹೆಂಡತಿ, ನಮ್ಮ ವೈನಿ, ಸೀಟ್ ಕವರ್ ಹೊಲಿಯುತ್ತಿದ್ದರು. ಅವರ ಹೊಲಿಗೆ ಮಷಿನಿನ ಸದ್ದು ನಿಂತಾಗಲೆಲ್ಲ ನನ್ನ ಕೈ ಕಳ್ಳನ ಕೈಯಂತೆ ದೀಪವನ್ನು ಬೇರೆ ಕಡೆ ತಿರುಗಿಸುತ್ತಿತ್ತು.

ಏಳನೆಯದು ಕಲಘಟಗಿ ಕಡೆಯ ಒಬ್ಬ ಮಾಸ್ತರರ ಗಾಡಿ. ಮಾರುವುದಿತ್ತು. ನಾಲ್ಕು ಗಂಟೆಗೆ ಒಯ್ಯುತ್ತೇನೆ, ಒಂದು ಗೀರೂ ಇರಬಾರದು ಎಂದಿದ್ದರು. ಹೊಸ ಸೀಟ್ ಕವರ್ ಕೂಡ ಹಾಕಬೇಕಿತ್ತು. ವೈನಿ ಅದನ್ನು ತೆಗೆದುಕೊಂಡು ಒಳಬಾಗಿಲಿನಿಂದ ಬಂದಾಗ ನಾನು ದೀಪ ತಿರುಗಿಸುವುದು ತಡವಾಯಿತು.

ಅವರು ಕವರನ್ನು ನೆಲಕ್ಕೆ ಇಟ್ಟರು. ಬಗ್ಗಿ ನೋಡಿದರು. ಮೋಟು ಗೆರೆಯ ಮೇಲೆ ತಮ್ಮ ನಡುಬೆರಳು ಇಟ್ಟರು.

“ಇಂಥವು ಎಷ್ಟ ಗಾಡಿ ಬಂದಿದ್ವು?”

“ಆರು ರೀ.”

“ಆರೂ ಅಳಿಸಿದಿ?”

“ಹೌದ್ರಿ.”

“ನನಗ ಒಂದನ್ನರೆ ತೋರಸಬೇಕಿತ್ತಲ್ಲಪಾ.”

“ನೀವು ಅಳ್ತೀರಿ ಅಂತ ಹೇಳಲಿಲ್ರಿ ವೈನಿ.”

“ಅತ್ರ ಏನಾಕ್ಕಿತ್ತು?”

ಅವರು ಸ್ಟೂಲು ಎಳೆದುಕೊಂಡು ಬಾನೆಟ್ಟಿನ ಎದುರು ಕುಳಿತರು. ಗೆರೆಗಳ ಮೇಲಿಂದ ಕಣ್ಣು ತೆಗೆಯದೆ ಕೇಳಿದರು: “ಇದನ್ನ ನಾಳಿಗಿ ಅಳಿಸಿದ್ರ ನಡಿಯಂಗಿಲ್ಲೇನು?”

ಆಗಲೇ ಮೂರೂವರೆ. ಒಂದು ಫೋನು ಮಾಡಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಕೊಟ್ಟ ಟೈಮಿಗೆ ಗಾಡಿ ಕೊಡುವವನು ಎಂಬ ನನ್ನ ಹೆಸರಿನ ಮೇಲೆ ನನಗೆ ಭಾರಿ ಪ್ರೀತಿ. “ಮಾಸ್ತರರು ನಾಕಕ್ಕ ಬರ್ತಾರ್ರಿ, ಮಾತು ಕೊಟ್ಟೀನಿ” ಎಂದೆ. ದನಿ ಸ್ವಲ್ಪ ಜೋರಾಗಿಯೇ ಬಂತು.

“ಹಂಗಾರ ಅಳಿಸು. ನಾ ಇಲ್ಲೇ ಕುಂತಿರ್ತೀನಿ.”

ಮಷಿನು ಹಚ್ಚಿದೆ. ಮೊದಲ ಸಲಕ್ಕೆ ಗೆರೆಗಳ ಅಂಚು ಮಸುಕಾದವು. ಎರಡನೆಯದಕ್ಕೆ ಮೇಲಿನದೂ ಕೆಳಗಿನದೂ ಹೋದವು. ನಡುವಿನ ಮೋಟು ಗೆರೆ ಹಟಮಾಡಿತು, ಅಲ್ಲಿ ಅವನು ಹೆಚ್ಚು ಒತ್ತುತ್ತಿದ್ದನೇನೋ. ನಾಲ್ಕನೆಯ ಸಲಕ್ಕೆ ಅದೂ ಹೋಯಿತು. ವೈನಿ ದೀಪ ನನ್ನ ಕೈಯಿಂದ ತೆಗೆದುಕೊಂಡು ತಾವೇ ನಾಲ್ಕೂ ಕಡೆಯಿಂದ ಹಿಡಿದು ನೋಡಿದರು. ಆಮೇಲೆ ಕವರ್ ಎತ್ತಿಕೊಂಡು ಸೀಟಿಗೆ ಹಾಕತೊಡಗಿದರು.

ನಾಲ್ಕೂವರೆಗೆ ಮಾಸ್ತರರ ಫೋನು ಬಂತು. ಕೈಯಲ್ಲಿ ಪಾಲಿಶ್ ಇದ್ದದ್ದರಿಂದ ಸ್ಪೀಕರ್ ಒತ್ತಿದೆ. “ಇವತ್ತ ಆಗಂಗಿಲ್ರಿ. ನಾಳಿ ಇಲ್ಲಾ ನಾಡದ ಬರ್ತೀನಿ, ಏನ ಗಡಿಬಿಡಿ ಇಲ್ಲ” ಎಂದರು.

ಕಾರಿನೊಳಗೆ ವೈನಿಯ ಕೈ ನಿಂತಿತು. ಅವರು ಸೀಟಿನ ಪಟ್ಟಿ ಬಿಗಿದು ಕೆಳಗಿಳಿದರು. “ಇನ್ನೊಂದು ಬಂದ್ರ ಮೊದ್ಲ ನನ್ನ ಕರಿ” ಎಂದಷ್ಟೇ ಹೇಳಿ ಹೋದರು.

ವರ್ಷ ದಾಟಿತು. ಕಪ್ಪು ಗಾಡಿ ಬಂದು ನಾನು ಶಟರ್ ಎಳೆದರೆ ಸಾಕು, ಬಾಜು ಖೋಲಿಯ ಹೊಲಿಗೆ ಮಷಿನು ನಿಲ್ಲುತ್ತದೆ. ವೈನಿ ಬಾಗಿಲಿಗೆ ಬಂದು ನಿಲ್ಲುತ್ತಾರೆ. ನಾನು ದೀಪವನ್ನು ಓರೆಯಾಗಿ ಹಿಡಿದು, ಬಾನೆಟ್ಟನ್ನು ಉದ್ದಗಲಕ್ಕೂ ಹುಡುಕಿ, ಅವರ ಕಡೆ ನೋಡದೆ ಇಲ್ಲವೆಂದು ತಲೆ ಅಲ್ಲಾಡಿಸುತ್ತೇನೆ.