ಆಲ್ಡನ್ ಕ್ರೆಬ್ಸ್ ಮತ್ತು ಒಂದು ‘ಕೂಡಲೇ’

ವಾಷಿಂಗ್ಟನ್ನಿನ ನಮ್ಮ ಇಲಾಖೆಯ ಕಟ್ಟಡದಲ್ಲಿ ಮೇಲೆ ಹೋದಷ್ಟೂ ರತ್ನಗಂಬಳಿ ದಪ್ಪವಾಗುತ್ತದೆ, ನೌಕರಿಯ ಆಯುಸ್ಸು ತೆಳ್ಳಗಾಗುತ್ತದೆ. ತುದಿಯಲ್ಲಿ ಕಾರ್ಯದರ್ಶಿ, ಅಂದರೆ ಅಧ್ಯಕ್ಷರ ಸಂಪುಟದಲ್ಲಿ ಕುರ್ಚಿಯುಳ್ಳ ಮಂತ್ರಿ. ಅವರ ಕೆಳಗೆ ಉಪ ಕಾರ್ಯದರ್ಶಿ, ಅಧೀನ ಕಾರ್ಯದರ್ಶಿ, ಸಹಾಯಕ ಕಾರ್ಯದರ್ಶಿ, ಸಹಾಯಕನಿಗೊಬ್ಬ ಉಪ ಸಹಾಯಕ, ಆ ಉಪನಿಗೂ ಒಬ್ಬ ಪ್ರಧಾನ. ಇವರೆಲ್ಲ ಅಧ್ಯಕ್ಷರ ಜೊತೆ ಬಂದು ಅಧ್ಯಕ್ಷರ ಜೊತೆಗೇ ಹೋಗುವವರು. ಇವರೆಲ್ಲರ ಕೆಳಗೆ, ಮೂರನೆಯ ಮಹಡಿಯಲ್ಲಿ, ಗೋಡೆ ಗಡಿಯಾರದಂತೆ ಉಳಿದುಕೊಂಡವನು ಆಲ್ಡನ್ ಕ್ರೆಬ್ಸ್.

“ಅವರು ನೆಂಟರು ಕಣಯ್ಯ, ನಾವು ಮನೆಯವರು,” ಎಂದು ಕ್ಯಾಂಟೀನಿನಲ್ಲಿ ಸೂಪಿಗೆ ಬಿಸ್ಕತ್ತು ಪುಡಿಮಾಡಿಕೊಳ್ಳುತ್ತ ನನಗೆ ಹೇಳುತ್ತಿದ್ದ, ಐದು ಜನ ಅಧ್ಯಕ್ಷರನ್ನು ತಾನೇ ಸಾಕಿ ಬೆಳೆಸಿದವನಂತೆ.

ಅವನ ಜೀವಮಾನದ ಸಾಧನೆ ಒಂದು ನಿಯಮ. ಕಡತ ಮೇಲೇರುವಾಗ ಪ್ರತಿ ಕಚೇರಿಯೂ ಅದರ ಮೂಲೆಯಲ್ಲಿ ಸಣ್ಣ ಸಹಿ ಹಾಕಬೇಕು. ಆಮೇಲೆ ಯಾರೇ ಆಗಲಿ ಒಂದು ಪದ ಬದಲಿಸಿದರೂ ಕಾನೂನು ವಿಭಾಗ ಮತ್ತೊಮ್ಮೆ ಒಪ್ಪಬೇಕು, ಇಲ್ಲದಿದ್ದರೆ ಆ ಕಾಗದಕ್ಕೆ ಬೆಲೆಯಿಲ್ಲ. ಹಿಂದೊಬ್ಬ ಉಪ ಸಹಾಯಕ ಕೊನೆಗಳಿಗೆಯಲ್ಲಿ ಒಂದು ವಾಕ್ಯ ತುರುಕಿ ಇಲಾಖೆಯನ್ನು ಕೋರ್ಟಿಗೆ ಎಳೆಸಿದ್ದ; ಅಂದಿನಿಂದ ಈ ನಿಯಮ. ಅದಕ್ಕಾಗಿ ಕ್ರೆಬ್ಸನಿಗೆ ಪ್ರಶಸ್ತಿಫಲಕ ಬಂದಿತ್ತು. ಮನೆಗೆ ಹೋದವರಿಗೆ ಅವನ ಹೆಂಡತಿ ಕಾಫಿ ಕೊಡುವ ಮೊದಲೇ ಇವನು ಫಲಕ ತೋರಿಸುತ್ತಿದ್ದ.

ಆ ಸಲ ಅಧ್ಯಕ್ಷರು ಚುನಾವಣೆ ಸೋತರು. ಜನವರಿ ಇಪ್ಪತ್ತರ ಮಧ್ಯಾಹ್ನ ಹನ್ನೆರಡಕ್ಕೆ ನಮ್ಮ ಕಾರ್ಯದರ್ಶಿಯ ಅಧಿಕಾರವೂ ಮುಗಿಯಲಿತ್ತು. ಅಷ್ಟರೊಳಗೆ ಒಂದು ಕಡತಕ್ಕೆ ಅವರ ಸಹಿ ಬೀಳಬೇಕಿತ್ತು. ಟಲ್ಲರ್ಸ್ ಬೆಂಡ್ ಎಂಬ ಹೊಳೆಯಂಚಿನ ಊರಿನಲ್ಲಿ ನೆರೆ ತಡೆಯುವ ಉಕ್ಕಿನ ಬಾಗಿಲು ತುಕ್ಕು ಹಿಡಿದು, ಮುಚ್ಚಲಾರದೆ ನಿಂತಿತ್ತು. ಅದರ ದುರಸ್ತಿಯ ಆದೇಶ ಅದು. ಹೊಸ ಸರ್ಕಾರ ಬಂದ ಕೂಡಲೆ ಹಳಬರ ಬಾಕಿ ಕಡತಗಳನ್ನೆಲ್ಲ ತಡೆಹಿಡಿಯುವುದು ವಾಡಿಕೆ. ಹಿಮ ಕರಗಿ ಹೊಳೆ ಏರುವುದೂ ವಾಡಿಕೆ, ಅದಕ್ಕೆ ಮಾತ್ರ ಯಾರ ಸಹಿಯೂ ಬೇಕಿಲ್ಲ. ಆ ಊರಿನ ತಗ್ಗಿನ ಬೀದಿಯಲ್ಲಿ ಕ್ರೆಬ್ಸನ ಅಕ್ಕ ರೋವೀನಾ ಇದ್ದಳು, ಗಾಲಿಕುರ್ಚಿ ಹಿಡಿದ ಗಂಡನ ಜೊತೆ. ಅಕ್ಕನ ಊರೆಂದು ಕ್ರೆಬ್ಸ್ ಮೊದಲೇ ತಿಳಿಸಿ ತನ್ನ ಸಹಿಯ ಬದಲು ಬೇರೆಯವರ ಸಹಿ ಹಾಕಿಸಿದ್ದ. ಕಡತ ಹೊತ್ತು ಮೆಟ್ಟಿಲು ಹತ್ತುವುದಕ್ಕೆ ಅಡ್ಡಿಯಿರಲಿಲ್ಲ.

ಆ ದಿನ ಪದಗ್ರಹಣದ ರಜೆ. ಕಟ್ಟಡದಲ್ಲಿದ್ದವರು ಪೆಟ್ಟಿಗೆ ಕಟ್ಟುತ್ತಿದ್ದ ಕಾರ್ಯದರ್ಶಿ, ಕಡತಗಳನ್ನು ದಾಖಲಿಸುವ ಯೊಲಾಂಡಾ ಪೆಟ್‌ವೇ, ಕ್ರೆಬ್ಸ್, ಮತ್ತು ಅವನ ಮುಖ ನೋಡಿ ಹೆದರಿ ಜೊತೆಗೆ ಬಂದ ನಾನು.

ಕಾರ್ಯದರ್ಶಿ ಒಳ್ಳೆಯ ಮನುಷ್ಯ. ನಿಂತುಕೊಂಡೇ ಓದಿದರು, ಪಾಪದ ಜನ ಎಂದರು, ‘ದುರಸ್ತಿ ಕೈಗೊಳ್ಳಬೇಕು’ ಎಂಬುದರ ಹಿಂದೆ ಸ್ವಂತ ಕೈಯಿಂದ ‘ಕೂಡಲೇ’ ಎಂದು ಸೇರಿಸಿ ಸಹಿ ಮಾಡಿದರು. ಕ್ರೆಬ್ಸನ ಬೆನ್ನು ತಟ್ಟಿ, ತಮ್ಮದೇ ಭಾವಚಿತ್ರವನ್ನು ಕಂಕುಳಲ್ಲಿ ಇರುಕಿಕೊಂಡು ಲಿಫ್ಟ್ ಹತ್ತಿದರು.

ಯೊಲಾಂಡಾ ಕಾಗದವನ್ನು ಬೆಳಕಿಗೆ ಹಿಡಿದಳು.

“ಮಿಸ್ಟರ್ ಕ್ರೆಬ್ಸ್, ಪದ ಸೇರಿಸಿಬಿಟ್ಟಿದಾರಲ್ಲ.”

“ಒಳ್ಳೇ ಪದಾನೇ ಅಲ್ವೇನಮ್ಮ.”

“ಒಳ್ಳೇದೇ. ವಕೀಲರ ಸಹಿ?”

ಮುಖ್ಯ ವಕೀಲರು ಶುಕ್ರವಾರವೇ ರಾಜೀನಾಮೆ ಕೊಟ್ಟು ಹೋಗಿದ್ದರು. ಅವರ ಜಾಗಕ್ಕೆ ಹಂಗಾಮಿಯನ್ನು ಕೂರಿಸುವವರು ಹೊಸಬರು, ಅದೂ ಹನ್ನೆರಡರ ಮೇಲೆ. ಹನ್ನೆರಡರವರೆಗೆ ವಕೀಲರಿಲ್ಲ, ಹನ್ನೆರಡಾದ ಮೇಲೆ ಕಾರ್ಯದರ್ಶಿಯಿಲ್ಲ.

“ನೋಡಲೇ ಇಲ್ಲ ಅಂದ್ಕೊಂಡು ದಾಖಲು ಮಾಡು ಯೊಲಾಂಡಾ. ಕಾಲಿಗೆ ಬೇಕಾದ್ರೆ ಬೀಳ್ತೀನಿ.” ಅವನ ಬಾಯಲ್ಲಿ ಅಂಥ ಮಾತನ್ನು ನಾನು ಕೇಳಿರಲಿಲ್ಲ.

“ನಾನು ಸೇರಿದ ವರ್ಷ ಒಂದು ಅಲ್ಪವಿರಾಮಕ್ಕೆ ನನ್ನನ್ನ ಅಳಿಸಿದ್ರಿ. ಅದಕ್ಕಲ್ಲ ನಾನು ಹೇಳ್ತಿರೋದು. ಈಗ ದಾಖಲು ಮಾಡಿದ್ರೆ, ನಾಳೆ ಬರೋರು ಇದೊಂದು ಪದ ಹಿಡ್ಕೊಂಡು ಇಡೀ ಆದೇಶನೇ ಹರಿದು ಹಾಕ್ತಾರೆ. ಹಾಗೇ ಮಾಡಿ ಅಂತ ನೀವೇ ಬರ್ದಿದೀರಿ.” ಹೇಳುತ್ತಲೇ ಅವಳು ಆ ಪದವಿಲ್ಲದ ಹೊಸ ಪ್ರತಿ ತೆಗೆದು ಅವನ ಕೈಗಿಟ್ಟಳು. “ಓಡಿ. ಇದಕ್ಕೆ ಸಹಿ ಹಾಕಿಸ್ಕೊಂಡು ಬನ್ನಿ.”

ಕ್ರೆಬ್ಸ್ ಟೋಪಿ, ಕೋಟು ಎರಡನ್ನೂ ಬಿಟ್ಟು ಓಡಿದ, ಹಿಂದೆಯೇ ನಾನು. ಮೆರವಣಿಗೆಗಾಗಿ ರಸ್ತೆಗೆಲ್ಲ ಬೇಲಿ ಹಾಕಿದ್ದರು. ಬೇಲಿಯ ಆಚೆ ಕಾರ್ಯದರ್ಶಿಯ ಕರಿ ಕಾರು ಹೋಗುತ್ತಿತ್ತು. ಅವನು ಕಾಗದ ಎತ್ತಿ ಎತ್ತಿ ಬೀಸಿದ. ಸುತ್ತಲಿನವರೂ ಬಾವುಟ ಬೀಸುತ್ತಿದ್ದರು. ಕಾರಿನ ಕಿಟಕಿಯಿಂದ ಒಂದು ಕೈ ಹೊರಬಂದು ಎಲ್ಲರಿಗೂ ಸೇರಿಸಿ ಬೀಸಿತು.

“ತಾತ, ಟಿಕೆಟ್ ಇದ್ರೆ ಆ ಕಡೆ ಸಾಲು,” ಎಂದ ಪೊಲೀಸಿನವನು.

ಅಷ್ಟರಲ್ಲಿ ಹನ್ನೆರಡಾಗಿ, ಹೊಸ ಅಧ್ಯಕ್ಷರ ಗೌರವಕ್ಕೆ ಫಿರಂಗಿ ಹಾರತೊಡಗಿತು. ಜನ ಕೇಕೆ ಹಾಕಿದರು. ಕ್ರೆಬ್ಸನ ಜೇಬಿನಲ್ಲಿ ಫೋನು ಗುಣುಗುಟ್ಟಿತು. ಅವನ ಬೆರಳು ಚಳಿಗೆ ಸೆಟೆದಿದ್ದರಿಂದ ನಾನೇ ತೆಗೆದು ಅವನ ಕಿವಿಗೆ ಹಿಡಿದೆ.

“ಏನಾಯ್ತೋ ಆಲ್ಡಿ?” ಅಕ್ಕನ ದನಿ ನನಗೂ ಕೇಳಿಸುತ್ತಿತ್ತು.

“ಸಹಿ ಆಯ್ತಕ್ಕ.”

“ಹಂಗಾದ್ರೆ ಬಾಗಿಲು?”

“ನೀನು ಬಾವನ್ನ ಕರ್ಕೊಂಡು ನಮ್ಮನೆಗೆ ಬಂದ್ಬಿಡು.”

“ಯಾವಾಗ?”

“ಕೂಡಲೇ.”

“ನಮ್ಮ ಬೀದಿಯೋರನ್ನ ಏನ್ ಮಾಡ್ಲೋ?”

ಫಿರಂಗಿ ಹಾರುತ್ತಲೇ ಇತ್ತು. ಅದರ ಸದ್ದಿಗೆ ಕೇಳಿಸಲಿಲ್ಲವೆಂದು ಅವನು ಹೇಳಬಹುದಿತ್ತು. ಹೇಳಲಿಲ್ಲ.